ಎರಡು ಸಾವಿರ ಅಂಡಗಳ ಲೆಕ್ಕ

2005ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಅಂಚೆ ಇಲಾಖೆ ಒಂದು ಅಂಚೆಚೀಟಿ ಹೊರತಂದಿತು. ಅದರಲ್ಲಿ ಸೂಜಿಯ ಮೊನೆ ಚುಚ್ಚಿದ ಅಂಡಾಣು, ಪಕ್ಕದಲ್ಲಿ ನೆರಳಿನಂಥ ಮನುಷ್ಯಾಕೃತಿಗಳ ಸಾಲು. ಗಾಲಿಕುರ್ಚಿಯಲ್ಲಿ ಕೂತವನು ಏಳುತ್ತಾನೆ, ಹೆಜ್ಜೆಯಿಡುತ್ತಾನೆ, ನೆಗೆಯುತ್ತಾನೆ, ಕೊನೆಗೆ ಇನ್ನೊಬ್ಬರನ್ನು ಅಪ್ಪಿಕೊಳ್ಳುತ್ತಾನೆ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹ್ವಾಂಗ್ ವೂ-ಸುಕ್ ಮನುಷ್ಯನ ತದ್ರೂಪಿ ಭ್ರೂಣ ಸೃಷ್ಟಿಸಿ ಅದರಿಂದ ಸ್ಟೆಮ್ ಸೆಲ್, ಅಂದರೆ ಆಕರಕೋಶ, ತೆಗೆದಿದ್ದಾರೆ ಎಂಬ ಸಂಭ್ರಮಕ್ಕೆ ದೇಶ ಸಲ್ಲಿಸಿದ ಗೌರವ ಅದು. ಚೀಟಿಯಲ್ಲಿದ್ದ ಅಂಡ ಯಾರದ್ದು ಎಂದು ಆಗ ಹೆಚ್ಚಿನವರು ಕೇಳಲಿಲ್ಲ.

ಮಾನವ ಕ್ಲೋನಿಂಗ್ ಎಂದೊಡನೆ ನಮ್ಮಲ್ಲಿ ಮಾತು ಹರಿಯುವ ದಾರಿ ಬೇರೆಯೇ. 1996ರ ಜುಲೈನಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಕುರಿ ಹುಟ್ಟಿ, ಮರುವರ್ಷ ಸುದ್ದಿ ಹೊರಬಿದ್ದಾಗಿನಿಂದ ಕಾಲೇಜುಗಳ ಚರ್ಚಾಸ್ಪರ್ಧೆಗಳಿಗೆ ಒಂದು ವಿಷಯ ಖಾಯಂ ಆಯಿತು: ತದ್ರೂಪಿ ಸೃಷ್ಟಿ ವರವೋ ಶಾಪವೋ? ಪರ ಮಾತಾಡುವವರು ಅಂಗಾಂಗ ಕಸಿಯ ಕಡೆಗೆ ಹೋಗುತ್ತಿದ್ದರು. ವಿರೋಧಿಸುವವರು ಹಿಟ್ಲರ್‌ನನ್ನೋ ರಕ್ತಬೀಜಾಸುರನನ್ನೋ ಕರೆತರುತ್ತಿದ್ದರು. ತದ್ರೂಪಿಗೆ ಆತ್ಮ ಇರುತ್ತದೆಯೇ, ಅವನಿಗೆ ಅಪ್ಪ ಯಾರು, ಆಸ್ತಿಯಲ್ಲಿ ಪಾಲು ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಚಪ್ಪಾಳೆ ಖಚಿತ. ಈ ಪ್ರಶ್ನೆಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಇವೆಲ್ಲ ಇನ್ನೂ ಹುಟ್ಟದ ಒಬ್ಬ ವ್ಯಕ್ತಿಯ ಬಗ್ಗೆ ಕೇಳಿದವು. ಮಾನವ ಕ್ಲೋನಿಂಗ್‌ನ ಪ್ರಯತ್ನ ನಿಜವಾಗಿ ನಡೆದ ಕಡೆ ನೋವುಂಡವರು ಆಗಲೇ ಹುಟ್ಟಿ ಬೆಳೆದು, ಬಸ್ಸು ಹಿಡಿದು ಆಸ್ಪತ್ರೆಗೆ ಬಂದಿದ್ದ ಹೆಂಗಸರು.

ತಂತ್ರ ಹೇಳುವುದಕ್ಕೆ ಸುಲಭ. ಅಂಡಾಣುವಿನಿಂದ ಅದರ ಕೋಶಕೇಂದ್ರವನ್ನು ತೆಗೆಯಬೇಕು. ಆ ಜಾಗಕ್ಕೆ, ಯಾರ ತದ್ರೂಪು ಬೇಕೋ ಅವರ ದೇಹದ ಒಂದು ಕೋಶದ ಕೇಂದ್ರವನ್ನು ಸೇರಿಸಬೇಕು. ವಿದ್ಯುತ್ತಿನ ಸಣ್ಣ ತುಡಿತವನ್ನೋ ರಾಸಾಯನಿಕವನ್ನೋ ಕೊಟ್ಟು ಅಂಡವನ್ನು ಎಚ್ಚರಿಸಿದರೆ ಅದು ಗರ್ಭ ಕಟ್ಟಿದಂತೆ ವಿಭಜನೆಯಾಗತೊಡಗುತ್ತದೆ. ಐದಾರು ದಿನ ಬೆಳೆದ ಆ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದರೆ ಅದು ಡಾಲಿಯ ದಾರಿ. ಪಾತ್ರೆಯಲ್ಲೇ ಬಿಡಿಸಿ ಆಕರಕೋಶ ತೆಗೆದರೆ ಅದು ಹ್ವಾಂಗ್ ಹೇಳಿಕೊಂಡ ದಾರಿ. ರೋಗಿಯ ದೇಹ ತಿರಸ್ಕರಿಸದಂಥ ಅವನದ್ದೇ ನರಕೋಶ, ಹೃದಯಕೋಶ ಬೆಳೆಸಬಹುದೆಂಬ ಆಸೆ. ಮೊದಲನೆಯದು ಬೇಡ, ಎರಡನೆಯದು ಇರಲಿ ಎಂದು ಹಲವು ದೇಶಗಳು ಗೆರೆ ಎಳೆದುಕೊಂಡವು. 2005ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ, ಎಲ್ಲ ಬಗೆಯ ಮಾನವ ಕ್ಲೋನಿಂಗ್ ನಿಷೇಧಿಸಿ ಎಂದು ಕರೆಕೊಟ್ಟಾಗ 84 ದೇಶಗಳು ಪರ, 34 ದೇಶಗಳು ವಿರುದ್ಧ ಮತ ಹಾಕಿದವು. ವಿರೋಧಿಸಿದವರಲ್ಲಿ ಭಾರತವೂ ಇತ್ತು, ಕೊರಿಯಾವೂ ಇತ್ತು. ಚಿಕಿತ್ಸೆಯ ಸಂಶೋಧನೆಯ ಬಾಗಿಲು ಮುಚ್ಚಬಾರದೆಂಬುದು ಅವುಗಳ ವಾದ.

ಗೆರೆಯ ಯಾವ ಬದಿಯಲ್ಲಿ ನಿಂತರೂ ಅಂಡ ಬೇಕು. ಒಂದೆರಡಲ್ಲ, ರಾಶಿಗಟ್ಟಲೆ. ಡಾಲಿಗಾಗಿ 277 ಅಂಡಗಳಿಗೆ ಕೋಶ ಬೆಸೆದರು. 29 ಮಾತ್ರ ಭ್ರೂಣವಾದವು. 13 ಕುರಿಗಳ ಗರ್ಭಕ್ಕೆ ಸೇರಿಸಿದ ಮೇಲೆ ಉಳಿದದ್ದು ಒಂದೇ ಮರಿ. ಪಶುಗಳ ಕ್ಲೋನಿಂಗ್ ಮಾಡುವವರಿಗೆ ಈ ಪೋಲು ಅಷ್ಟೇನೂ ಭಾರವಲ್ಲ. ದನ, ಎಮ್ಮೆಗಳ ಅಂಡಾಶಯ ಕಸಾಯಿಖಾನೆಯಲ್ಲಿ ಸಿಗುತ್ತದೆ. ಅದನ್ನು ಬೆಚ್ಚಗಿನ ಉಪ್ಪುನೀರಿನ ಫ್ಲಾಸ್ಕಿನಲ್ಲಿ ಹಾಕಿ ಪ್ರಯೋಗಾಲಯಕ್ಕೆ ತಂದು, ಗುಳ್ಳೆಗಳಿಗೆ ಸಿರಿಂಜ್ ಚುಚ್ಚಿ ಅಂಡ ಎಳೆದುಕೊಳ್ಳುತ್ತಾರೆ. 2009ರಲ್ಲಿ ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ ‘ಗರಿಮಾ’ ಎಂಬ ತದ್ರೂಪಿ ಎಮ್ಮೆಕರುವನ್ನು ಪಡೆದದ್ದೂ ಹೀಗೆ ತಂದ ಅಂಡಾಶಯಗಳ ಬಲದಿಂದಲೇ. ಹ್ವಾಂಗ್ ಮೂಲತಃ ಪಶುವೈದ್ಯ. ಬಡ ಕುಟುಂಬದಲ್ಲಿ, ದನಗಳ ನಡುವೆ ಬೆಳೆದವರು. 1999ರಲ್ಲಿ ಹಸುವಿನ ತದ್ರೂಪಿ ಮಾಡಿದ್ದೇನೆಂದು ಹೇಳಿ ಹೆಸರಾದವರು. ಅಂಡಕ್ಕೆ ಬರವೆಂಬುದನ್ನು ಕಾಣದ ಕಸುಬಿನಿಂದ ಅವರು ಮನುಷ್ಯರ ಕಡೆಗೆ ಬಂದರು.

ಮನುಷ್ಯರಲ್ಲಿ ಅಂಡ ಪಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ‘ಅಂಡದಾನ’ ಎನ್ನುವಾಗ ರಕ್ತದಾನದ ಚಿತ್ರ ಕಣ್ಣಮುಂದೆ ಬಂದುಬಿಡುತ್ತದೆ. ಹೆಣ್ಣಿನ ದೇಹ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡ ಬಿಡುತ್ತದೆ. ಹತ್ತು, ಹದಿನೈದು ಬೇಕಾದರೆ ಹತ್ತು ಹನ್ನೆರಡು ದಿನ ದಿನವೂ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಅಂಡಾಶಯವನ್ನು ಕೆರಳಿಸಬೇಕು. ನಡುನಡುವೆ ಸ್ಕ್ಯಾನಿಂಗ್, ರಕ್ತಪರೀಕ್ಷೆ. ಗುಳ್ಳೆಗಳು ಬಲಿತ ಮೇಲೆ ಕೊನೆಯದೊಂದು ಚುಚ್ಚುಮದ್ದು, ಅದಾಗಿ ಸುಮಾರು 36 ಗಂಟೆಗೆ ಅರಿವಳಿಕೆ ಕೊಟ್ಟು, ಯೋನಿಯ ಗೋಡೆಯ ಮೂಲಕ ಉದ್ದನೆಯ ಸೂಜಿ ತೂರಿಸಿ ಒಂದೊಂದೇ ಗುಳ್ಳೆಯನ್ನು ಬಸಿಯುತ್ತಾರೆ. ಬಹುಪಾಲು ಹೆಂಗಸರು ಹೊಟ್ಟೆನೋವು, ಉಬ್ಬರದೊಂದಿಗೆ ಮನೆಗೆ ಹೋಗುತ್ತಾರೆ. ಕೆಲವರಲ್ಲಿ ಅಂಡಾಶಯ ಮಿತಿಮೀರಿ ಕೆರಳಿ ಊದಿಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಉಸಿರಾಡುವುದು ಕಷ್ಟವಾಗುತ್ತದೆ. ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ, ಮೂತ್ರಪಿಂಡ ಕೈಕೊಟ್ಟು ಜೀವಕ್ಕೇ ಕುತ್ತಾಗುವುದುಂಟು. ಮಗು ಬೇಕೆಂಬ ಹೆಂಗಸು ಈ ಅಪಾಯವನ್ನು ತನಗಾಗಿ ಮೈಮೇಲೆ ಎಳೆದುಕೊಳ್ಳುತ್ತಾಳೆ. ಸಂಶೋಧನೆಗೆಂದು ಕೊಡುವವಳಿಗೆ ಅದರಿಂದ ಬರುವುದೇನೂ ಇಲ್ಲ.

2004ರ ಫೆಬ್ರುವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಹ್ವಾಂಗ್ ತಂಡದ ಪ್ರಬಂಧದ ಪ್ರಕಾರ 16 ಹೆಂಗಸರು ಸ್ವಯಂಪ್ರೇರಿತರಾಗಿ 242 ಅಂಡ ಕೊಟ್ಟಿದ್ದರು, ಅದರಿಂದ ಒಂದು ಆಕರಕೋಶ ಸಂತತಿ, ಅಂದರೆ ಪಾತ್ರೆಯಲ್ಲಿ ಬೆಳೆಯುತ್ತಲೇ ಇರುವ ಒಂದೇ ಮೂಲದ ಕೋಶಗಳ ಗುಂಪು, ಸಿಕ್ಕಿತ್ತು. ಮರುವರ್ಷದ ಮೇ ತಿಂಗಳ ಎರಡನೇ ಪ್ರಬಂಧ ಜಗತ್ತನ್ನೇ ದಂಗುಬಡಿಸಿತು. 18 ಹೆಂಗಸರು, 185 ಅಂಡ, 11 ಸಂತತಿ. ಅಂದರೆ ಸುಮಾರು ಹದಿನೇಳು ಅಂಡಕ್ಕೆ ಒಂದು. ಒಬ್ಬ ಹೆಂಗಸು ಒಮ್ಮೆ ಕೊಡುವ ಅಂಡಗಳಲ್ಲೇ ಒಬ್ಬ ರೋಗಿಗೆ ಮದ್ದು ಎಂಬಷ್ಟು ಹತ್ತಿರ! ಕೊರಿಯನ್ನರು ಉಕ್ಕಿನ ಕಡ್ಡಿಗಳಲ್ಲಿ ಊಟ ಮಾಡುವ ಕೈಚಳಕವೇ ಇದಕ್ಕೆ ಕಾರಣವೆಂದು ಹ್ವಾಂಗ್ ಹೇಳಿದ್ದು ಜನರಿಗೆ ಬಹಳ ಹಿಡಿಸಿತು. ಸರ್ಕಾರ ಅವರನ್ನು ‘ಪರಮ ವಿಜ್ಞಾನಿ’ ಎಂದು ಕರೆಯಿತು. ವಿಮಾನ ಕಂಪನಿ ಹತ್ತು ವರ್ಷ ಪುಕ್ಕಟೆ ಪ್ರಯಾಣ ಕೊಟ್ಟಿತು. ಅಕ್ಟೋಬರ್‌ನಲ್ಲಿ ವಿಶ್ವ ಆಕರಕೋಶ ಕೇಂದ್ರ ಶುರುವಾದಾಗ ದೇಶದ ಅಧ್ಯಕ್ಷ ರೋ ಮೂ-ಹ್ಯುನ್ ಖುದ್ದಾಗಿ ಬಂದಿದ್ದರು.

ಬಿರುಕು ಕಂಡದ್ದು ಅಂಡದ ವಿಷಯದಲ್ಲೇ. 2004ರ ಮೇ ತಿಂಗಳಲ್ಲೇ ‘ನೇಚರ್’ ಪತ್ರಿಕೆಯ ವರದಿಗಾರರೊಬ್ಬರಿಗೆ ಹ್ವಾಂಗ್ ಪ್ರಯೋಗಾಲಯದ ಪಿಎಚ್.ಡಿ. ವಿದ್ಯಾರ್ಥಿನಿಯೊಬ್ಬರು ತಾವೂ ಅಂಡ ಕೊಟ್ಟವರೆಂದು ಹೇಳಿದ್ದರು. ಆಮೇಲೆ ಕರೆಮಾಡಿ, ಇಂಗ್ಲಿಷ್ ಸರಿಯಾಗಿ ಬಾರದೆ ತಪ್ಪು ಹೇಳಿಬಿಟ್ಟೆ ಎಂದು ಮಾತು ಹಿಂದಕ್ಕೆ ತೆಗೆದುಕೊಂಡರು. ಹ್ವಾಂಗ್ ಇಲ್ಲವೇ ಇಲ್ಲ ಎಂದರು. ಒಂದೂವರೆ ವರ್ಷ ಆ ಸುದ್ದಿ ಹಾಗೇ ತಣ್ಣಗಿತ್ತು.

2005ರ ನವೆಂಬರ್‌ನಲ್ಲಿ ಎಲ್ಲವೂ ಒಟ್ಟಿಗೆ ಬಿಚ್ಚಿಕೊಂಡಿತು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಹಲೇಖಕ ಜೆರಾಲ್ಡ್ ಶಾಟನ್ ನೈತಿಕ ಕಾರಣ ಕೊಟ್ಟು ಸಂಬಂಧ ಕಡಿದುಕೊಂಡರು. ಹ್ವಾಂಗ್ ತಂಡಕ್ಕೆ ಅಂಡ ಒದಗಿಸಿದ್ದ ಮಿಜ್‌ಮೆಡಿ ಆಸ್ಪತ್ರೆಯ ಮುಖ್ಯಸ್ಥ ರೋ ಸಂಗ್-ಇಲ್ ಪತ್ರಿಕಾಗೋಷ್ಠಿ ಕರೆದು, ಅಂಡಕ್ಕಾಗಿ ಸುಮಾರು ಇಪ್ಪತ್ತು ಹೆಂಗಸರಿಗೆ ತಲಾ 15 ಲಕ್ಷ ವೊನ್ ಕೊಟ್ಟಿದ್ದೆನೆಂದು ಒಪ್ಪಿಕೊಂಡರು. ಆಗಿನ ಲೆಕ್ಕದಲ್ಲಿ ಸುಮಾರು 1,400 ಡಾಲರ್. ಮರುದಿನ ಎಂಬಿಸಿ ವಾಹಿನಿಯ ‘ಪಿಡಿ ಸುಚೊಪ್’ ತನಿಖಾ ಕಾರ್ಯಕ್ರಮ ಅಂಡದ ಕಥೆಯನ್ನು ಪ್ರಸಾರ ಮಾಡಿತು. ಇಬ್ಬರು ಕಿರಿಯ ಸಂಶೋಧಕಿಯರು ಅಂಡ ಕೊಟ್ಟದ್ದು ನಿಜ, ಆದರೆ ತನಗೆ ಆಮೇಲೆ ತಿಳಿಯಿತು ಎಂದು ಹ್ವಾಂಗ್ ತಲೆಬಾಗಿ ಕ್ಷಮೆ ಕೇಳಿ ಹುದ್ದೆಗಳನ್ನು ಬಿಟ್ಟರು.

ಜನರ ಸಿಟ್ಟು ತಿರುಗಿದ್ದು ಟಿ.ವಿ. ವಾಹಿನಿಯ ಮೇಲೆ. ದೇಶದ ಮರ್ಯಾದೆ ತೆಗೆದಿರಿ ಎಂದು ವಾಹಿನಿಯ ಕಚೇರಿ ಮುಂದೆ ಮೇಣದಬತ್ತಿ ಹಿಡಿದು ನಿಂತರು. ಕಾರ್ಯಕ್ರಮದ ಜಾಹೀರಾತುದಾರರು ಕಾಲ್ತೆಗೆದರು. ಇದೆಲ್ಲ ಎಲ್ಲ ದೇಶದಲ್ಲೂ ಆಗುವಂಥದ್ದೇ ಅನ್ನಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಅದೇ ವೇಳೆಗೆ ಸಾವಿರಕ್ಕೂ ಹೆಚ್ಚು ಕೊರಿಯನ್ ಹೆಂಗಸರು, ನಮ್ಮ ಅಂಡ ತೆಗೆದುಕೊಳ್ಳಿ ಎಂದು ಹೆಸರು ನೋಂದಾಯಿಸಿದರು. ಡಿಸೆಂಬರ್ ಮೊದಲ ವಾರ ಅವರ ಪ್ರತಿನಿಧಿಗಳು ವಿಶ್ವವಿದ್ಯಾಲಯಕ್ಕೆ ಹೂಗಳೊಂದಿಗೆ ಬಂದು ಒಪ್ಪಿಗೆಪತ್ರ ಸಲ್ಲಿಸಿದರು. ಡಾಕ್ಟರಿಗೆ ಅಂಡದ ಕೊರತೆಯಿಂದಲೇ ಈ ಕಷ್ಟ ಬಂತಲ್ಲವೇ, ನಾವು ನೀಗಿಸುತ್ತೇವೆ ಎಂಬ ಭಾವ. ಆ ಹೆಂಗಸರನ್ನು ಮುಗ್ಧರೆಂದು ಕನಿಕರಿಸಲು ನನಗೆ ಮನಸ್ಸಿಲ್ಲ. ಅವರಲ್ಲಿ ಕೆಲವರ ಮನೆಯಲ್ಲಿ ನಡೆಯಲಾರದ ಮಕ್ಕಳಿದ್ದಿರಬಹುದು. ಆದರೆ ಆ ಹೂವಿನ ಹೊತ್ತಿಗೆ ಪ್ರಯೋಗಾಲಯದಲ್ಲಿ ಒಂದೇ ಒಂದು ತದ್ರೂಪಿ ಆಕರಕೋಶವೂ ಇರಲಿಲ್ಲ.

ಪ್ರಬಂಧದಲ್ಲಿ ಒಂದೇ ಚಿತ್ರವನ್ನು ಎರಡು ಕಡೆ ಹಾಕಲಾಗಿದೆಯೆಂದು ಕೊರಿಯಾದ ಯುವ ವಿಜ್ಞಾನಿಗಳು ಅಂತರ್ಜಾಲದಲ್ಲಿ ತೋರಿಸಿಕೊಟ್ಟರು. ವಿಶ್ವವಿದ್ಯಾಲಯದ ತನಿಖಾ ಸಮಿತಿ 2006ರ ಜನವರಿ 10ರಂದು ಅಂತಿಮ ವರದಿ ಕೊಟ್ಟಿತು: ಎರಡೂ ಪ್ರಬಂಧ ಸುಳ್ಳು, ಅದೇ ತಂಡ ಮಾಡಿದ್ದ ನಾಯಿಯ ತದ್ರೂಪಿ ‘ಸ್ನಪಿ’ ಮಾತ್ರ ನಿಜ. ‘ಸೈನ್ಸ್’ ಎರಡು ದಿನದಲ್ಲಿ ಪ್ರಬಂಧಗಳನ್ನು ಹಿಂಪಡೆಯಿತು. ಜಗತ್ತಿನ ಪತ್ರಿಕೆಗಳಲ್ಲಿ ಇದು ವೈಜ್ಞಾನಿಕ ವಂಚನೆಯ ದೊಡ್ಡ ಪ್ರಕರಣವಾಗಿ ದಾಖಲಾಯಿತು.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. 2002ರ ನವೆಂಬರ್‌ನಿಂದ 2005ರ ನವೆಂಬರ್‌ವರೆಗೆ ನಾಲ್ಕು ಆಸ್ಪತ್ರೆಗಳಿಂದ 129 ಹೆಂಗಸರ 2,061 ಅಂಡಗಳು ಹ್ವಾಂಗ್ ತಂಡಕ್ಕೆ ಬಂದಿದ್ದವು. ರಾಷ್ಟ್ರೀಯ ಜೈವಿಕ ನೀತಿ ಸಮಿತಿ ಮತ್ತೆ ಎಣಿಸಿದಾಗ 119 ಹೆಂಗಸರು, 2,221 ಅಂಡ ಎಂದಾಯಿತು. ಕೆಲವರು ಒಂದಕ್ಕಿಂತ ಹೆಚ್ಚು ಸಲ ಸೂಜಿಗೆ ಮೈಯೊಡ್ಡಿದ್ದರು. ಎರಡೂ ಪ್ರಬಂಧಗಳಲ್ಲಿ ತೋರಿಸಿದ್ದನ್ನು ಕೂಡಿದರೆ 427. ಉಳಿದ ಸಾವಿರದ ಆರುನೂರಕ್ಕೂ ಹೆಚ್ಚು ಅಂಡಗಳು ಜಗತ್ತಿಗೆ ಕಾಣಿಸಲೇ ಇಲ್ಲ. ಅಂಡ ಕೊಟ್ಟವರಲ್ಲಿ ಹಲವರಿಗೆ ಅಪಾಯದ ವಿವರವನ್ನು ಸರಿಯಾಗಿ ತಿಳಿಸಿರಲಿಲ್ಲ, ಕೆಲವರು ಅಂಡಾಶಯ ಕೆರಳಿದ್ದಕ್ಕೆ ಚಿಕಿತ್ಸೆ ಪಡೆಯಬೇಕಾಯಿತು. ಮಹಿಳಾ ಸಂಘಟನೆಗಳು 2006ರಲ್ಲಿ ಅವರ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಿದವು. ಮೊದಲ ಪ್ರಬಂಧದ ಆ ಒಂದೇ ಸಂತತಿಯೂ ಕ್ಲೋನಿಂಗ್‌ನಿಂದ ಬಂದದ್ದಲ್ಲ, ಅಂಡವೊಂದು ತನ್ನಷ್ಟಕ್ಕೇ ವಿಭಜನೆಗೊಂಡು ಆದದ್ದು ಎಂದು 2007ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ತೋರಿಸಿದರು. ಅಲ್ಲಿಗೆ ಎರಡು ಸಾವಿರ ಅಂಡಗಳಿಂದ ಬಂದ ತದ್ರೂಪಿ ಆಕರಕೋಶ ಸೊನ್ನೆ.

ಕಿರಿಯ ಸಂಶೋಧಕಿಯರ ವಿಷಯಕ್ಕೆ ಬರೋಣ. ಪ್ರಯೋಗಾಲಯದ ಹೆಣ್ಣುಮಕ್ಕಳಿಗೆ ‘ಸ್ವಇಚ್ಛೆಯಿಂದ ಅಂಡ ಕೊಡುತ್ತೇನೆ’ ಎಂಬ ಒಪ್ಪಿಗೆಯ ನಮೂನೆ ಹಂಚಿ ಸಹಿ ಪಡೆಯಲಾಗಿತ್ತು ಎಂದು ತನಿಖಾ ಸಮಿತಿ ಕಂಡುಕೊಂಡಿತು. ಅವರಲ್ಲೊಬ್ಬ ಸಂಶೋಧಕಿ 2003ರ ಮಾರ್ಚ್‌ನಲ್ಲಿ ಅಂಡ ಕೊಡಲು ಆಸ್ಪತ್ರೆಗೆ ಹೋದಾಗ ಜೊತೆಗೆ ಹೋದವರು ಸ್ವತಃ ಹ್ವಾಂಗ್. ಆಮೇಲೆ ತಿಳಿಯಿತು ಎಂದಿದ್ದ ಅದೇ ಹ್ವಾಂಗ್! ನಮ್ಮಲ್ಲಿ ಪಿಎಚ್.ಡಿ. ಮಾಡುವವರು ಗೈಡ್ ಮನೆಯ ಗ್ಯಾಸ್ ಸಿಲಿಂಡರ್ ತಂದುಕೊಟ್ಟ ಕಥೆಗಳನ್ನು ಕೇಳಿದವರಿಗೆ ಈ ‘ಸ್ವಇಚ್ಛೆ’ಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದ್ರೋಣ ಹೆಬ್ಬೆರಳನ್ನು ಬಾಯಿಬಿಟ್ಟು ಕೇಳಿದ. ಇಲ್ಲಿ ಅರ್ಜಿ ನಮೂನೆ ಕೇಳಿತು. ಪ್ರಬಂಧದಲ್ಲಿ ಹೆಸರು, ಮುಂದಿನ ಕೆಲಸ, ವಿದೇಶಕ್ಕೆ ಶಿಫಾರಸು ಪತ್ರ ಎಲ್ಲವೂ ಆ ಒಬ್ಬರ ಕೈಯಲ್ಲಿರುವಾಗ ಯಾವ ಹುಡುಗಿ ಇಲ್ಲ ಅಂದಾಳು? ಸಂಶೋಧಕರನ್ನು ಅವಲಂಬಿಸಿದವರಿಂದ ಒಪ್ಪಿಗೆ ಪಡೆಯುವಾಗ ವಿಶೇಷ ಎಚ್ಚರ ಬೇಕೆಂದು ವೈದ್ಯಕೀಯ ಸಂಶೋಧನೆಯ ನೀತಿಸಂಹಿತೆಯಾದ ಹೆಲ್ಸಿಂಕಿ ಘೋಷಣೆ ದಶಕಗಳಿಂದ ಹೇಳುತ್ತಾ ಬಂದಿದೆ. ಆ ಎಚ್ಚರ ಇಂಥ ಕಡೆಗಾಗಿಯೇ ಇದ್ದದ್ದು.

2009ರಲ್ಲಿ ಸೋಲ್‌ನ ನ್ಯಾಯಾಲಯ ಹ್ವಾಂಗ್ ಅವರಿಗೆ ಅಮಾನತಿನ ಜೈಲುಶಿಕ್ಷೆ ವಿಧಿಸಿತು. ಸುಳ್ಳು ಪ್ರಬಂಧ ತೋರಿಸಿ ಕಂಪನಿಗಳಿಂದ ಹಣ ಪಡೆದ ವಂಚನೆಯ ಆರೋಪ ನಿಲ್ಲಲಿಲ್ಲ. ನಿಂತದ್ದು ಎರಡು: ಸಂಶೋಧನಾ ಹಣದ ದುರುಪಯೋಗ, ಮತ್ತು ಮಕ್ಕಳಾಗದೆ ಚಿಕಿತ್ಸೆಗೆ ಬಂದಿದ್ದ ಹೆಂಗಸರಿಗೆ ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟು ಅಂಡ ಪಡೆದದ್ದು. 2005ರ ಜನವರಿಯಿಂದ ಜಾರಿಗೆ ಬಂದಿದ್ದ ಅವರ ಜೈವಿಕ ನೀತಿ ಕಾಯ್ದೆ ಅಂಡದ ವ್ಯಾಪಾರವನ್ನು ನಿಷೇಧಿಸಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ಅಮಾನತಿನ ಒಂದೂವರೆ ವರ್ಷದ ಶಿಕ್ಷೆಯನ್ನು ಖಾಯಂ ಮಾಡಿತು. ಹ್ವಾಂಗ್ ಅಷ್ಟರಲ್ಲಿ ಸುಆಮ್ ಎಂಬ ಸಂಸ್ಥೆ ಕಟ್ಟಿ, ಒಂದು ಲಕ್ಷ ಡಾಲರ್‌ಗೆ ಶ್ರೀಮಂತರ ಸತ್ತ ನಾಯಿಗಳ ತದ್ರೂಪಿ ಮಾಡಿಕೊಡುತ್ತಿದ್ದರು. ಆಮೇಲೆ ಅಬುಧಾಬಿಗೆ ಹೋಗಿ ಒಂಟೆಗಳ ತದ್ರೂಪಿ ಮಾಡತೊಡಗಿದರು. ಅವರ ಮೇಲೆ ಬಂದ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರದ ಹೆಸರು ‘ಕಿಂಗ್ ಆಫ್ ಕ್ಲೋನ್ಸ್’.

ಹಾಗಾದರೆ ಅಂಡಕ್ಕೆ ದುಡ್ಡು ಕೊಡಬೇಕೇ, ಬೇಡವೇ? ಜಗತ್ತು ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಕ್ಯಾಲಿಫೋರ್ನಿಯಾ ಮೊದಲಿಗೆ ಸಂಶೋಧನೆಗೆ ಅಂಡ ಕೊಡುವವರಿಗೆ ಖರ್ಚು ಮಾತ್ರ ಎಂದಿತು. ನ್ಯೂಯಾರ್ಕ್ ರಾಜ್ಯ 2009ರಲ್ಲಿ ದುಡ್ಡು ಕೊಡಬಹುದು ಎಂದಿತು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ಬಂದವರು ಕೆಲವು ಅಂಡ ಬಿಟ್ಟುಕೊಟ್ಟರೆ ಚಿಕಿತ್ಸೆಯ ವೆಚ್ಚದಲ್ಲಿ ಕಡಿತ ಎಂಬ ಏರ್ಪಾಡಿಗೆ 2006ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಯೇ ಅನುಮತಿ ಕೊಟ್ಟಿತು. ಕೊರಿಯಾದಲ್ಲಿ ಅಪರಾಧವಾದದ್ದು ಅಲ್ಲಿ ಪರವಾನಗಿ ಪಡೆದ ಯೋಜನೆ! ಕೊನೆಗೆ 2013ರಲ್ಲಿ ತದ್ರೂಪಿ ಮಾನವ ಭ್ರೂಣದಿಂದ ನಿಜವಾಗಿ ಆಕರಕೋಶ ತೆಗೆದ ಅಮೆರಿಕದ ಆರೆಗಾನ್‌ನ ಶೌಖ್ರತ್ ಮಿತಾಲಿಪೋವ್ ತಂಡ ಅಂಡ ಕೊಟ್ಟವರಿಗೆ 3,000ದಿಂದ 7,000 ಡಾಲರ್ ಕೊಟ್ಟಿತ್ತು. ಅದನ್ನು ಬಚ್ಚಿಡಲೂ ಇಲ್ಲ.

ದುಡ್ಡು ಬಂದರೆ ಬಡವರೇ ಸಾಲುಗಟ್ಟುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ಪುಕ್ಕಟೆ ಕೊಟ್ಟರೆ ಮಾತ್ರ ಶುದ್ಧ ಎಂಬ ಮಾತನ್ನು ನಾನು ಒಪ್ಪಲಾರೆ. ಪ್ರಯೋಗಾಲಯಕ್ಕೆ ಸೂಕ್ಷ್ಮದರ್ಶಕ ಮಾರಿದವನಿಗೆ ದುಡ್ಡು, ರಾಸಾಯನಿಕ ಪೂರೈಸಿದವನಿಗೆ ದುಡ್ಡು, ಪ್ರಾಧ್ಯಾಪಕರಿಗೆ ಸಂಬಳ, ಪೇಟೆಂಟ್, ಕೀರ್ತಿ. ಹೊಟ್ಟೆ ಕೊಟ್ಟವಳಿಗೆ ಮಾತ್ರ ಪುಣ್ಯ. ದೇಶಸೇವೆಯ ಹೆಸರಿನ ಒತ್ತಾಯಕ್ಕಿಂತ ರಸೀದಿ ಕೊಟ್ಟು ಮಾಡಿದ ಪಾವತಿ, ಅದರೊಂದಿಗೆ ವಿಮೆ, ಆಮೇಲೂ ವರ್ಷಗಟ್ಟಲೆ ಆರೋಗ್ಯದ ವಿಚಾರಣೆ ಇದ್ದರೆ ಅದೇ ಮೇಲು. ಮತ್ತು ತನ್ನದೇ ಪ್ರಯೋಗಾಲಯದಲ್ಲಿ ದುಡಿಯುವವರ ಅಂಡವನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ತದ್ರೂಪಿ ಮಗುವನ್ನು ಹುಟ್ಟಿಸುವುದನ್ನು ನಿಷೇಧಿಸಿದೆ. ಸಂಶೋಧನೆಗಾಗಿ ತದ್ರೂಪಿ ಭ್ರೂಣ ಮಾಡುವುದನ್ನು ಬಿಗಿ ನಿರ್ಬಂಧದಲ್ಲಿಟ್ಟಿದೆ. ಅಂಡ ಕೊಡುವವರ ಕೈಹಿಡಿದದ್ದು ಮಾತ್ರ ಬೇರೊಂದು ಕಾನೂನು, ಐವಿಎಫ್ ಕೇಂದ್ರಗಳಿಗಾಗಿ ಬಂದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ. ಅದರ ಪ್ರಕಾರ ಒಬ್ಬ ಹೆಂಗಸು ಜೀವಮಾನದಲ್ಲಿ ಒಮ್ಮೆ ಮಾತ್ರ ಅಂಡ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡ ತೆಗೆಯುವಂತಿಲ್ಲ, ಹನ್ನೆರಡು ತಿಂಗಳ ವಿಮೆ ಕಡ್ಡಾಯ. ಕಾಯ್ದೆ ಬರುವ ಏಳು ವರ್ಷ ಮೊದಲು, 2014ರಲ್ಲಿ, ದೆಹಲಿಯಲ್ಲಿ ಅಂಡ ಕೊಟ್ಟ ಯುವತಿಯೊಬ್ಬಳು ಅದಾದ ಕೂಡಲೇ ತೀರಿಕೊಂಡಿದ್ದಳು. ಏಳು ಅಂಡ ಸಾಲದು ಎಂದು ಐವಿಎಫ್ ವೈದ್ಯರು ಈಗಲೂ ಗೊಣಗುತ್ತಾರೆ. ಈ ಮಿತಿಯಲ್ಲಿ ಹ್ವಾಂಗ್ ತಂಡ ಕೆಲಸ ಮಾಡಬೇಕಿದ್ದರೆ 2,221 ಅಂಡಕ್ಕೆ 318 ಹೆಂಗಸರು ಬೇಕಿತ್ತು.

ತದ್ರೂಪಿ ಮಗುವಿನ ಮಾತಿಗೂ ಇದೇ ಲೆಕ್ಕವನ್ನು ಒಡ್ಡಬೇಕು. 2018ರಲ್ಲಿ ಶಾಂಘೈನ ವಿಜ್ಞಾನಿಗಳು ಡಾಲಿಯ ವಿಧಾನದಲ್ಲೇ ಝೊಂಗ್ ಝೊಂಗ್, ಹ್ವಾ ಹ್ವಾ ಎಂಬ ಎರಡು ಕೋತಿಮರಿಗಳನ್ನು ಪಡೆದುದಾಗಿ ಪ್ರಕಟಿಸಿದರು. ಮನುಷ್ಯನಿಗೆ ಇಷ್ಟು ಹತ್ತಿರದ ಜೀವಿ ಈ ವಿಧಾನದಲ್ಲಿ ಹುಟ್ಟಿದ್ದು ಅದೇ ಮೊದಲು. ಅದಕ್ಕಾಗಿ 63 ಬಾಡಿಗೆ ತಾಯಿ ಕೋತಿಗಳ ಗರ್ಭಕ್ಕೆ ಭ್ರೂಣ ಸೇರಿಸಿದ್ದರು. ಹುಟ್ಟಿದ್ದು ನಾಲ್ಕು, ಬದುಕುಳಿದದ್ದು ಎರಡು; ಆ ಎರಡೂ ಗರ್ಭಸ್ಥ ಮರಿಯ ಕೋಶದಿಂದ ಬಂದವು. ಬೆಳೆದ ಕೋತಿಯ ಕೋಶದಿಂದ ಬಂದ ಎರಡು ಮರಿಗಳು ಹುಟ್ಟಿದ ಕೆಲವೇ ಹೊತ್ತಿನಲ್ಲಿ ಸತ್ತವು. ಕೋತಿಗಳ ಜಾಗದಲ್ಲಿ ಹೆಂಗಸರನ್ನು ಇಟ್ಟು ನೋಡಿ: ಮುರಿದ ಗರ್ಭಗಳು, ಕಣ್ಣೆದುರೇ ಸಾಯುವ ಕೂಸುಗಳು. ಆತ್ಮದ ಪ್ರಶ್ನೆ, ಆಸ್ತಿಯ ಪ್ರಶ್ನೆ ಬರುವುದಕ್ಕೆ ಬಹಳ ಮೊದಲೇ ಈ ಪ್ರಯೋಗ ನಿಲ್ಲಬೇಕಾದ ಜಾಗ ಇದು. ಡಾಲಿಯನ್ನು ಸೃಷ್ಟಿಸಿದ ತಂಡದ ಇಯಾನ್ ವಿಲ್ಮಟ್ ಅವರೇ ತದ್ರೂಪಿ ಮಗುವನ್ನು ಹುಟ್ಟಿಸುವುದನ್ನು ವಿರೋಧಿಸಿದ್ದರು.

ಹ್ವಾಂಗ್ ಬಿದ್ದ ವರ್ಷವೇ, 2006ರಲ್ಲಿ, ಜಪಾನಿನ ಶಿನ್ಯಾ ಯಮನಾಕ ಇಲಿಯ ಸಾಮಾನ್ಯ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನೇ ಆಕರಕೋಶದಂತೆ ಮಾಡಿದರು. ಮರುವರ್ಷ ಮನುಷ್ಯನ ಕೋಶದಲ್ಲೂ ಆಯಿತು. ಅಂಡ ಬೇಡ, ಭ್ರೂಣವೂ ಬೇಡ. ಗೆಳೆಯನ ಐವಿಎಫ್ ಕೇಂದ್ರದಲ್ಲಿ ಸೂಕ್ಷ್ಮದರ್ಶಕದಡಿ ಭ್ರೂಣವನ್ನು ಕಂಡಾಗ ತಮ್ಮ ಹೆಣ್ಣುಮಕ್ಕಳು ನೆನಪಾಗಿ, ಬೇರೆ ದಾರಿ ಹುಡುಕಬೇಕೆನಿಸಿತು ಎಂದು ಅವರು ಆಮೇಲೆ ಹೇಳಿಕೊಂಡರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಚಿಕಿತ್ಸೆಗಾಗಿ ಕ್ಲೋನಿಂಗ್ ಎಂಬ ವಾದದ ಬಿಸಿ ಅಲ್ಲಿಗೆ ಬಹುಪಾಲು ಇಳಿಯಿತು.

ಹಾಗೆಂದು ಕಡತ ಮುಚ್ಚಿಲ್ಲ. ಅದೇ ಯಮನಾಕ ದಾರಿಯಲ್ಲಿ ಮುಂದೆ ಹೋದ ಕತ್ಸುಹಿಕೊ ಹಯಾಶಿ ತಂಡ 2016ರಲ್ಲಿ ಇಲಿಯ ಬಾಲದ ಕೋಶದಿಂದ ಪಾತ್ರೆಯಲ್ಲೇ ಅಂಡ ಬೆಳೆಸಿ, ಅದರಿಂದ ಮರಿ ಪಡೆದಿದೆ. ಮನುಷ್ಯರ ಅಂಡವನ್ನು ಹೀಗೆ ಬೆಳೆಸುವ ಪೈಪೋಟಿ ನಡೆದೇ ಇದೆ. ಅದು ಕೈಗೂಡಿದರೆ ಸೂಜಿಗೆ ಮೈಯೊಡ್ಡುವ ಹೆಂಗಸು ಬೇಕಾಗುವುದಿಲ್ಲ. ಮಾನವ ಕ್ಲೋನಿಂಗ್‌ಗೆ ಇಷ್ಟು ದಿನ ಅಡ್ಡವಾಗಿದ್ದ ಅಂಡದ ಬರವೂ ಇರುವುದಿಲ್ಲ. ಬಾಡಿಗೆ ತಾಯಂದಿರು ಮಾತ್ರ ಆಗಲೂ ಬೇಕು. ಕೋತಿಗಳ ಲೆಕ್ಕ ಹಿಡಿದರೆ ಎರಡು ಮಕ್ಕಳಿಗೆ ಅರವತ್ತಮೂರು ಮಂದಿ, ಮತ್ತು ಅವರಿಂದ ಸಹಿ ಪಡೆಯುವ ನಮೂನೆಯನ್ನು ಯಾರೋ ಒಬ್ಬರು ಬರೆಯಬೇಕು.